ಅರವತ್ತೆರಡು ಕೆಜಿ ಮುನ್ನೂರು ಗ್ರಾಂ

ಆದಿನಾರಾಯಣಪ್ಪನವರು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಾತ್ರೆಗಳ ಚೀಲವನ್ನು ಅವರ ಹೆಂಡತಿ ಮುನಿರತ್ನಮ್ಮ ದೇವರ ಗೂಡಿನ ಪಕ್ಕದಲ್ಲಿಟ್ಟರು. ತೂಕ ನೋಡುವ ಗಾಜಿನ ಯಂತ್ರವನ್ನು ಮಗ ಉಮಾಶಂಕರ ನಡುಮನೆಯಲ್ಲಿ ನೆಲ ಸಮವಾಗಿದ್ದ ಜಾಗ ಹುಡುಕಿ ಇಟ್ಟ. ಆಸ್ಪತ್ರೆಯವರು ಕೊಟ್ಟ ಮೂರನೆಯದಕ್ಕೆ ಜಾಗವೇ ಬೇಕಿರಲಿಲ್ಲ. ಅದು ಸೊಸೆ ಭಾನುಪ್ರಿಯಾಳ ಫೋನಿನೊಳಗಿತ್ತು. ಮುಂದೆ ಮನೆಯಲ್ಲಿ ಜಗಳ ತಂದದ್ದು ಜಾಗ ಹಿಡಿಯದ ಆ ವಸ್ತುವೇ.

ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ್ದರು. ರಕ್ತ ದೂಡುವ ಶಕ್ತಿ ಕಡಿಮೆಯಾಗಿದೆ, ಹಾಗಾಗಿ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಊದುತ್ತದೆ, ನೀರು ಎದೆಗೂಡಿಗೆ ಏರಿದರೆ ಉಸಿರು ಕಟ್ಟುತ್ತದೆ. ಈ ಸಲ ಉಸಿರು ಕಟ್ಟಿದ ಮೇಲೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಇನ್ನೊಮ್ಮೆ ಹಾಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದೂ ಹೇಳಿದ್ದರು. ಹಾಗಾಗದಂತೆ ನೋಡಿಕೊಳ್ಳಲು ನರ್ಸ್ ದಿವ್ಯ ಭಾನುಪ್ರಿಯಾಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ, ಬಾಯಿಗೆ ಏನೂ ಹಾಕಿಕೊಳ್ಳುವ ಮುಂಚೆ ತೂಕ ನೋಡಬೇಕು. ಆ ಅಂಕಿಯನ್ನು ಆ್ಯಪಿಗೆ ಹಾಕಿ, ಅದು ಕೇಳುವ ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕು. ಎಲ್ಲ ಸರಿಯಿದ್ದರೆ ಹಸಿರು, ತೂಕ ಏರಿದ್ದರೆ ಕೆಂಪು. ಕೆಂಪು ಬಂದರೆ ಆಸ್ಪತ್ರೆಯಲ್ಲಿ ದಿವ್ಯಳಿಗೂ ಕಾಣುತ್ತದೆ, ಅವಳೇ ಫೋನ್ ಮಾಡುತ್ತಾಳೆ.

"ಈಗ ಅರವತ್ತೆರಡು ಕೆಜಿ ಇದೀರ ಅಪ್ಪಾಜಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಅದು ಊಟದ ತೂಕ ಅಲ್ಲ, ನೀರಿನ ತೂಕ," ಎಂದು ದಿವ್ಯ ಬಿಡಿಸಿ ಹೇಳಿದಳು.

"ಹಾಲಿಗೆ ನೀರು ಬಿದ್ದಂಗೆ ಅನ್ನು," ಎಂದರು ಆದಿನಾರಾಯಣಪ್ಪ.

ಅವರಿಗೆ ಅದು ಬೇಗ ಅರ್ಥವಾಗಲು ಕಾರಣವಿತ್ತು. ನಂದಗುಡಿ ಹತ್ತಿರದ ಅವರ ಊರಿನ ಹಾಲಿನ ಡೇರಿಯಲ್ಲಿ ಇಪ್ಪತ್ತೆರಡು ವರ್ಷ ಹಾಲು ಪರೀಕ್ಷೆ ಮಾಡಿದವರು ಅವರು. ಒಮ್ಮೆ ಸ್ವಂತ ತಮ್ಮನ ಹಾಲನ್ನೇ ವಾಪಸ್ ಕಳಿಸಿದ್ದರು, ಆ ತಮ್ಮ ಎರಡು ವರ್ಷ ಮಾತು ಬಿಟ್ಟಿದ್ದ. ಆದಿನಾರಾಯಣಪ್ಪ ಒಂದು ಅಂಕಿ ಹೇಳಿದರೆ ಊರಲ್ಲಿ ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಹಾಗಾಗಿ ಮನೆಯಲ್ಲೂ ಯಾರೂ ನೋಡಲಿಲ್ಲ. ಅವರು ನಡುಮನೆಯಲ್ಲಿ ಯಂತ್ರದ ಮೇಲೆ ನಿಂತು ಕೂಗುವರು, ಒಳಗೆ ಟೀಗೆ ನೀರಿಟ್ಟುಕೊಂಡು ನಿಂತ ಭಾನುಪ್ರಿಯಾ ಒತ್ತುವಳು.

ಪ್ರಶ್ನೆ ಓದುವ ಕೆಲಸ ಏಳನೆಯ ಕ್ಲಾಸಿನ ಮೊಮ್ಮಗಳು ಅರ್ಪಿತಳದು. ಆ್ಯಪಿನ ಕನ್ನಡ ಯಾವ ಊರಿನದೋ, ಮನೆಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಅವಳು ಅದನ್ನು ವಾರ್ತೆ ಓದುವವರ ದನಿಯಲ್ಲಿ ಓದುತ್ತಿದ್ದಳು.

"ನಿಮ್ಮ ಪಾದಗಳಲ್ಲಿ ಊತ ಕಂಡುಬಂದಿದೆಯೇ?"

"ಇಲ್ಲ."

"ಕಳೆದ ರಾತ್ರಿ ಎಷ್ಟು ದಿಂಬುಗಳನ್ನು ಬಳಸಿ ನಿದ್ರಿಸಿದಿರಿ?"

"ನಾನ್ಯಾವತ್ತು ದಿಂಬು ಇಟ್ಕೊಂಡಿದ್ದೆನಮ್ಮ? ಒಂದೂ ಇಲ್ಲ ಅಂತ ಹಾಕು."

ಮೊದಲ ವಾರ ಪೂರ್ತಿ ಹಸಿರು. ತೊಂದರೆ ಇದ್ದದ್ದು ಅಡುಗೆಮನೆಯಲ್ಲಿ. ಉಪ್ಪು ಕಡಿಮೆ ಮಾಡಬೇಕು, ನೀರು ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು ಎಂದಿದ್ದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಎರಡೂ ಕಡೆಯಿಂದ ಕಟ್ಟಿಹಾಕಿದ ಹಾಗಾಯಿತು.

"ಮಾವಂಗೆ ಬೇರೆ ಸಾರು ಮಾಡಿಬಿಡ್ತೀನಿ ಅತ್ತೆ. ಒಂದು ಸಣ್ಣ ಪಾತ್ರೇಲಿ, ಉಪ್ಪಿಲ್ಲದೆ," ಎಂದಳು ಭಾನುಪ್ರಿಯಾ.

ಮುನಿರತ್ನಮ್ಮ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿದರು. "ಒಂದು ಮನೇಲಿ ಎರಡು ಸಾರಾ? ನಮ್ಮ ಮನೇಲಿ ಸಾರಿನ ಪಾತ್ರೆ ಎರಡಾಗಿದ್ದು ಒಂದೇ ಸಲ. ಇವರ ತಮ್ಮ ಪಾಲು ತಗೊಂಡ ವರ್ಷ."

"ಇದು ಪಾಲಿನ ಮಾತಲ್ಲ ಅತ್ತೆ, ಕಾಯಿಲೆ ಮಾತು. ನಮ್ಮ ಒಲೆ ಮೇಲೆ ಏನಿದೆ ಅಂತ ಯಾರು ಬಂದು ನೋಡ್ತಾರೆ?"

"ಯಾರೂ ನೋಡ್ದಿದ್ರೆ ಒಲೆ ನೋಡ್ತದೆ. ಬೇಡ. ಎಲ್ಲರೂ ಒಂದೇ ತಿನ್ನಣ."

ಒಲೆಗೆ ಕಣ್ಣಿದೆಯೋ ಇಲ್ಲವೋ, ಆ ಮನೆಯಲ್ಲಿ ಮುನಿರತ್ನಮ್ಮನವರ ಮಾತಿಗೆ ಬೆಲೆಯಿತ್ತು. ಹಾಗಾಗಿ ಸಾರು ಒಂದೇ ಆಯಿತು, ಸಪ್ಪೆಯೂ ಆಯಿತು. ಬೇಕಾದವರು ತಟ್ಟೆಗೆ ಹಾಕಿಕೊಳ್ಳಲಿ ಎಂದು ಪುಡಿ ಉಪ್ಪಿನ ಡಬ್ಬಿ ಪಕ್ಕಕ್ಕೆ ಬಂತು. ಆದಿನಾರಾಯಣಪ್ಪನವರ ಕೈಗೆ ಎಟುಕದ ಕಡೆ.

ಸಾರು, ಪಲ್ಯ, ಅನ್ನ ಸೊಸೆಯವು. ಮುದ್ದೆ ಅತ್ತೆಯದು. ಭಾನುಪ್ರಿಯಾ ಕೆ.ಆರ್. ಪುರದ ಹುಡುಗಿ, ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವಳು ಕಟ್ಟಿದ ಮುದ್ದೆಯಲ್ಲಿ ಗಂಟು ಹೋಗಲಿಲ್ಲ. ಅವಳೂ ಅರ್ಪಿತಳೂ ಅನ್ನ ತಿನ್ನುವವರು. ಸಂಜೆ ಎಸರು ಕುದಿಯುವ ಹೊತ್ತಿಗೆ ಮುನಿರತ್ನಮ್ಮ ಒಲೆ ಮುಂದೆ ಬರುವರು, ಭಾನುಪ್ರಿಯಾ ಜಾಗ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಹೋಗಿ ರವಿಕೆ ಹಿಡಿಯುವಳು. ವರ್ಷಗಳಿಂದ ಹೀಗೇ.

ಊಟಕ್ಕೆ ಕೂತರೆ ಆದಿನಾರಾಯಣಪ್ಪ ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಲ್ಲಿಟ್ಟುಕೊಂಡು ಸುಮ್ಮನಾಗುವರು. ಬಯ್ಯಲೂ ಇಲ್ಲ, ಹೊಗಳಲೂ ಇಲ್ಲ. ಐದನೆಯ ದಿನ ಅರ್ಧ ಮುದ್ದೆ ಬಿಟ್ಟು ಎದ್ದರು.

"ಯಾಕ್ರೀ?"

"ಸಾಕು ಕಣೆ."

ನಲವತ್ತು ವರ್ಷದಲ್ಲಿ ಗಂಡ ಮುದ್ದೆ ಬಿಟ್ಟು ಎದ್ದದ್ದನ್ನು ಮುನಿರತ್ನಮ್ಮ ನೋಡಿರಲಿಲ್ಲ. ಅಂದು ತಾವೂ ಉಣ್ಣದೆ ಪಾತ್ರೆ ಮುಚ್ಚಿಟ್ಟರು. ಮಾರನೆಯ ದಿನದಿಂದ ಆದಿನಾರಾಯಣಪ್ಪ ಪೂರ್ತಿ ಮುದ್ದೆ ತಿಂದರು. ಹಸಿವು ಬಂತಲ್ಲ ಎಂದು ಎಲ್ಲರಿಗೂ ಸಮಾಧಾನ.

ಮೊದಲ ಕೆಂಪು ಎರಡನೆಯ ವಾರ ಬಂತು. ಅರವತ್ತನಾಲ್ಕು ಇನ್ನೂರು. ಹತ್ತು ನಿಮಿಷಕ್ಕೆ ದಿವ್ಯಳ ಫೋನ್. ನೀರಿಳಿಸುವ ಮಾತ್ರೆ ಮೂರು ದಿನ ಒಂದು ಜಾಸ್ತಿ ಕೊಡಿ ಎಂದಳು, ಆಮೇಲೆ ಕೇಳಿದಳು: "ಉಪ್ಪೇನಾದ್ರೂ ಜಾಸ್ತಿ ಆಗಿದೆಯಾ ನೋಡಿ."

ಫೋನಿನ ಸ್ಪೀಕರ್ ಹಾಕಿತ್ತು. ಅಷ್ಟು ಮಾತು ಸಾಕಾಯಿತು.

"ಏನು ಹಾಕಿದ್ದೆಯಮ್ಮ ನೆನ್ನೆ ಸಾರಿಗೆ?" ಎಂದರು ಮುನಿರತ್ನಮ್ಮ.

"ಅರ್ಧ ಚಮಚ ಅತ್ತೆ. ಐದು ಜನಕ್ಕೆ ಅರ್ಧ ಚಮಚ."

"ಹಂಗಾದ್ರೆ ಕೆಂಪು ಯಾಕೆ ಬಂತು? ಆ ನರ್ಸಮ್ಮ ಸುಳ್ಳು ಹೇಳ್ತಾಳಾ? ಫೋನು ಸುಳ್ಳು ಹೇಳ್ತದಾ? ಮಿಷನ್ ಮುಂದೆ ಕೂತ್ಕೊಂಡು ರವಿಕೆ ಮೇಲೆ ಜ್ಞಾನ ಇಟ್ರೆ ಕೈ ಎಲ್ಲಿ ಅಳತೇಲಿರ್ತದೆ?"

"ಅಜ್ಜಿ, ಅಮ್ಮ ಚಮಚದಲ್ಲೇ ಹಾಕಿದ್ದು, ನಾನೇ ನೋಡಿದೀನಿ," ಎಂದಳು ಅರ್ಪಿತ.

"ನೀನು ಸ್ಕೂಲಿಗೆ ನಡಿ."

ನಾಲ್ಕು ದಿನ ಬಿಟ್ಟು ಮತ್ತೆ ಕೆಂಪು. ಈ ಸಲ ಮಾತು ಸಾರನ್ನು ದಾಟಿ ಹೋಯಿತು. ಕೆ.ಆರ್. ಪುರಕ್ಕೆ ಹೋಯಿತು, ಅಲ್ಲಿ ತಾಯಿ ಏನು ಕಲಿಸಿದ್ದಳು ಎಂಬಲ್ಲಿಗೆ ಹೋಯಿತು. ಭಾನುಪ್ರಿಯಾ ಬಾಯಿ ಸತ್ತವಳಲ್ಲ. ಆದರೂ ಅಂದು ಏನೂ ಹೇಳದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಅತ್ತಳು. ಜಗಲಿಯಲ್ಲಿ ಕೂತಿದ್ದ ಆದಿನಾರಾಯಣಪ್ಪನವರಿಗೆ ಅದು ಕಾಣಿಸಿತು.

ರಾತ್ರಿ ಊಟಕ್ಕೆ ಹೊಸಕೋಟೆಯ ಫ್ಯಾಕ್ಟರಿಯಿಂದ ಉಮಾಶಂಕರ ಬಂದಿದ್ದ. ಎರಡೂ ಕಡೆಯ ದೂರು ಕೇಳಿ, ಹೆಂಡತಿಗೆ ಹೇಳಿದ: "ಸ್ವಲ್ಪ ನೋಡ್ಕೊಂಡು ಹಾಕು ಮಾರಾಯ್ತಿ."

"ನಾಳೆಯಿಂದ ನೀವೇ ಎದ್ದು ಹಾಕಿ. ನೋಡ್ಕೊಂಡು," ಎಂದು ಭಾನುಪ್ರಿಯಾ ಸಾರಿನ ಸೌಟನ್ನು ಅವನ ತಟ್ಟೆಯ ಪಕ್ಕ ಇಟ್ಟು ಒಳಗೆ ಹೋದಳು.

ಉಮಾಶಂಕರ ಮುದ್ದೆ ಮುರಿದು ಬಾಯಿಗಿಟ್ಟುಕೊಂಡ. ಏನೋ ಹೇಳುವವನಂತೆ ತಾಯಿಯ ಕಡೆ ನೋಡಿದ. ಹೇಳದೆ ನುಂಗಿದ.

ಎರಡು ದಿನ ಕಳೆದು ಆದಿನಾರಾಯಣಪ್ಪ ನಡುಮನೆಯಿಂದ ಕೂಗಿದರು: "ಅರವತ್ತೆರಡು ಮುನ್ನೂರು."

ಹಸಿರು ಬಂತು. ಜಾಸ್ತಿ ಕೊಡುತ್ತಿದ್ದ ಮಾತ್ರೆಯನ್ನು ನಿಲ್ಲಿಸಿ ಎಂದು ದಿವ್ಯ ಹೇಳಿದಳು. ಮಾರನೆಯ ದಿನವೂ ಅರವತ್ತೆರಡು ಮುನ್ನೂರು. ಅದರ ಮಾರನೆಯ ದಿನವೂ. ಮನೆ ತಣ್ಣಗಾಯಿತು. ಭಾನುಪ್ರಿಯಾ ಮತ್ತೆ ಮಿಷನ್ ತುಳಿಯುತ್ತ ಹಾಡು ಗುನುಗಿದಳು. ಮುನಿರತ್ನಮ್ಮ ಪಕ್ಕದ ಮನೆಯ ದ್ಯಾವಮ್ಮನ ಹತ್ತಿರ, "ಒಂದಿನ ಗಟ್ಟಿಯಾಗಿ ಅಂದೆ ನೋಡು, ಈಗ ಸರಿಹೋಯ್ತು," ಎಂದು ಹೇಳಿಕೊಂಡರು. ಅವರೆಕಾಯಿ ಕಾಲ ಬಂದಿತ್ತು. ಹಿಚುಕಿದ ಬೇಳೆ ಸಾರಿನ ಘಮಕ್ಕೆ ಉಪ್ಪು ಕಡಿಮೆಯಾದರೂ ನಡೆಯುತ್ತಿತ್ತು. ಆದಿನಾರಾಯಣಪ್ಪ ಮಾತ್ರ ನಡೆಯುವುದು ಕಡಿಮೆ ಮಾಡಿದರು. ಡೇರಿಯವರೆಗೆ ಹೋಗುತ್ತಿದ್ದವರು ಹುಣಸೆಮರದವರೆಗೆ ಹೋದರು, ಆಮೇಲೆ ಜಗಲಿಯವರೆಗೆ. ಚಳಿ ಎಂದರು.

ಹತ್ತನೆಯ ದಿನ ಕೆಂಪು ಇಲ್ಲದೆಯೂ ದಿವ್ಯಳ ಫೋನ್ ಬಂತು.

"ಅಕ್ಕ, ತೂಕದ ಮಿಷನ್ ಕೆಟ್ಟಿದೆಯಾ ನೋಡಿ. ಒಂಬತ್ತು ದಿನದಿಂದ ಒಂದೇ ಅಂಕಿ ಬರ್ತಿದೆ. ಯಾರ ತೂಕನೂ ಹಂಗೆ ಅಲ್ಲಾಡದೆ ನಿಲ್ಲಲ್ಲ."

ಭಾನುಪ್ರಿಯಾ ಅಂಗಡಿಯಿಂದ ತಂದು ಇನ್ನೂ ಹೊಲಿಗೆ ಬಿಚ್ಚದ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆಯನ್ನು ಎಳೆದು ತಂದು ಯಂತ್ರದ ಮೇಲಿಟ್ಟಳು. ಇಪ್ಪತ್ತೈದು ಕೆಜಿ ನೂರು ಗ್ರಾಂ ತೋರಿಸಿತು. ಯಂತ್ರ ಸರಿಯಿತ್ತು. ಅವಳು ಫೋನು ತೆಗೆದು ಹಿಂದಿನ ದಿನಗಳ ಅಂಕಿಗಳನ್ನು ಒಂದೊಂದಾಗಿ ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಒಂದೇ ಸುಳ್ಳನ್ನು ದಿನವೂ ಹೇಳುತ್ತಾರೆ.

ಮಾರನೆಯ ಬೆಳಿಗ್ಗೆ ಅವಳು ಒಲೆ ಹಚ್ಚಲಿಲ್ಲ. ಮಾವ ಯಂತ್ರ ಹತ್ತಿದಾಗ ಸದ್ದಿಲ್ಲದೆ ಹಿಂದೆ ಬಂದು ನಿಂತಳು. ಗಾಜಿನೊಳಗೆ ಅಂಕಿ ಎರಡು ಸಲ ಮಿನುಗಿ ನಿಂತಿತು. ಅರವತ್ತಾರು ಕೆಜಿ ನೂರು ಗ್ರಾಂ.

"ಅರವತ್ತೆರಡು..." ಎಂದು ಕೂಗಲು ಹೊರಟ ಆದಿನಾರಾಯಣಪ್ಪ ಪಕ್ಕದಲ್ಲಿ ಸೊಸೆಯ ಕಾಲು ಕಂಡು ನಿಲ್ಲಿಸಿದರು.

"ಎಷ್ಟು ದಿನದಿಂದ ಮಾವ?"

ಅವರು ಇಳಿದು ಗೋಡೆ ಹಿಡಿದುಕೊಂಡರು. ಅಷ್ಟಕ್ಕೇ ಉಸಿರು ಎಳೆಯುತ್ತಿತ್ತು. ಅವಳು ಬಗ್ಗಿ ಅವರ ಕಾಲನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು.

"ಇಷ್ಟು ಊದಿದೆ. ಇದನ್ನೂ ಇಲ್ಲ ಅಂತಾನೇ ಹೇಳಿಸಿದ್ರಾ ಮಗು ಕೈಲಿ? ಮಲಗೋಕಾಗ್ತಿದೆಯಾ ನಿಮಗೆ?"

"ನಾಕು ದಿನದಿಂದ ರಾಗಿ ಮೂಟೆಗೆ ಒರಗಿ ಕೂತ್ಕೊಂಡಿರ್ತೀನಿ. ಮಲಗಿದ್ರೆ ಎದೆ ಮೇಲೆ ಯಾರೋ ಕೂತಂಗೆ."

"ದಿಂಬು ಎಷ್ಟು ಅಂತ ದಿನಾ ಕೇಳ್ತಿತ್ತಲ್ಲ ಮಾವ."

"ದಿಂಬು ಇಟ್ಟಿರಲಿಲ್ಲವಲ್ಲವ್ವ. ಅದೊಂದು ನಿಜಾನೇ ಹೇಳಿದೀನಿ."

ಅವಳಿಗೆ ನಗು ಬರಲಿಲ್ಲ. "ಯಾಕೆ ಹಿಂಗೆ ಮಾಡಿದ್ರಿ?"

"ಕೆಂಪು ಬಂದ್ರೆ ಅವಳು ನಿನ್ನ ತಿಂದು ಹಾಕ್ತಾಳೆ. ಕಲ್ಲಿನ ಹತ್ರ ಕೂತು ಅಳ್ತಿದ್ದೆ ನೀನು. ನನ್ನಿಂದ ಇನ್ನೊಬ್ಬರ ಮನೆ ಹೆಣ್ಣುಮಗಳು ಯಾಕೆ ಅಳಬೇಕು? ಎರಡು ಕೆಜಿ ನೀರು ತಾನೇ, ಮಾತ್ರೆ ತಿಂದ್ರೆ ತಾನಾಗೇ ಇಳೀತದೆ ಅಂದ್ಕೊಂಡೆ." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: "ಇವತ್ತೊಂದಿನ ಹಳೇದೇ ಹಾಕವ್ವ. ಸಾಯಂಕಾಲ ಶಂಕರ ಬರ್ಲಿ, ನಿಧಾನಕ್ಕೆ ಹೇಳಣ."

ಭಾನುಪ್ರಿಯಾ ಫೋನು ಹಿಡಿದು ನಿಂತಳು. ಒಳಗೆ ಮುನಿರತ್ನಮ್ಮ ಹಾಲು ಕರೆದು ತಂದು ಪಾತ್ರೆ ಇಡುವ ಸದ್ದಾಯಿತು. ಹಳೆಯ ಅಂಕಿ ಹಾಕಿದರೆ ಇವತ್ತೂ ಮನೆ ತಣ್ಣಗಿರುತ್ತದೆ. ಅವಳು ಅರವತ್ತಾರು ನೂರು ಎಂದು ಒತ್ತಿದಳು. ಪರದೆ ತುಂಬ ಕೆಂಪಾಯಿತು, ಮತ್ತೆ ಎರಡು ನಿಮಿಷಕ್ಕೆ ದಿವ್ಯಳ ಫೋನ್: ಈಗಲೇ ಹೊರಡಿ, ಟೀ ಕೂಡ ಕುಡಿಯುತ್ತ ಕೂರಬೇಡಿ.

"ನೋಡಿದ್ಯಾ? ಏನು ಹಾಕಿದ್ದೆ ನೆನ್ನೆ ಹಿಚುಕಿದ ಬೇಳೆಗೆ?" ಎಂದು ಮುನಿರತ್ನಮ್ಮ ಶುರುಮಾಡಿದರು.

"ಅರ್ಧ ಚಮಚ ಅತ್ತೆ. ಬಯ್ಯೋದನ್ನ ಕಾರಲ್ಲಿ ಬಯ್ಯಿರಿ. ಮೊದಲು ಮಾವನ ಶಾಲು ತನ್ನಿ," ಎಂದಳು ಭಾನುಪ್ರಿಯಾ.

ಬಾಡಿಗೆ ಕಾರಿನಲ್ಲಿ ಯಾರೂ ಬಯ್ಯಲಿಲ್ಲ. ಆದಿನಾರಾಯಣಪ್ಪ ಮುಂದಿನ ಸೀಟಿನಲ್ಲಿ ಬಾಯಿ ತೆರೆದು ಉಸಿರಾಡುತ್ತಿದ್ದರು. ಉಮಾಶಂಕರ ಶಿಫ್ಟ್ ಬಿಟ್ಟು ಹೊಸಕೋಟೆ ಬಸ್ ಸ್ಟ್ಯಾಂಡಿನ ಹತ್ತಿರ ಹತ್ತಿಕೊಂಡ. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಕಾರು ಇಪ್ಪತ್ತು ನಿಮಿಷ ನಿಂತಾಗ ಮುನಿರತ್ನಮ್ಮ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಿಟ್ಟಿದ್ದರೂ ಹಿಡಿದುಕೊಳ್ಳಲು ಹತ್ತಿರದಲ್ಲಿ ಇದ್ದದ್ದು ಆ ಕೈಯೇ.

ಎರಡು ದಿನ ಸೂಜಿಯಲ್ಲಿ ಔಷಧಿ ಹೋಯಿತು, ನೀರು ಇಳಿಯಿತು. ಒಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿ ಹೋದರು. ಮೂರನೆಯ ದಿನ ದಿವ್ಯ ಒಂದು ಹಾಳೆ ಹಿಡಿದು ಹಾಸಿಗೆಯ ಪಕ್ಕ ಕೂತಳು. ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿದ್ದರೂ ಅವಳು ಮಾಲೂರು ಕಡೆಯ ರೈತರ ಮನೆಯ ಹುಡುಗಿ.

"ಒಂದೇ ರಾತ್ರೀಲಿ ನಾಲ್ಕು ಕೆಜಿ ಏರಲ್ಲ. ನಿಮ್ಮ ತೂಕ ನೀವೇ ತಪ್ಪು ಹೇಳಿದ್ದು ಯಾಕೆ ಅಪ್ಪಾಜಿ?"

ಆದಿನಾರಾಯಣಪ್ಪ ಕಿಟಕಿಯ ಕಡೆ ತಿರುಗಿದರು. ಉಮಾಶಂಕರ, "ಏನು, ತಪ್ಪು ಹೇಳಿದ್ರಾ?" ಎಂದ. ಭಾನುಪ್ರಿಯಾ ಹೇಳಿದಳು: "ನನ್ನ ಬೈತಾರೆ ಅಂತ."

ಯಾರು ಬೈತಾರೆ ಎಂದು ಅವಳು ಹೇಳಲಿಲ್ಲ. ಅಗತ್ಯವಿರಲಿಲ್ಲ. ಮುನಿರತ್ನಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು.

"ಅಡುಗೆ ಯಾರು ಮಾಡೋದು?" ದಿವ್ಯ ಹಾಳೆ ನೋಡುತ್ತ ಕೇಳಿದಳು.

"ನಾನೇ," ಎಂದಳು ಭಾನುಪ್ರಿಯಾ. ಅವಳಿಗೆ ಸಾಕಾಗಿತ್ತು.

"ಉಪ್ಪಿನಕಾಯಿ, ಹಪ್ಪಳ, ಬೇಕರಿದು?"

"ಯಾವುದೂ ಕೊಡಲ್ಲ."

"ಸಾರಿಗೆ ಅರ್ಧ ಚಮಚ ಅಂತೀರ. ಅಷ್ಟಕ್ಕೆ ಇಷ್ಟು ನೀರು ನಿಲ್ಲಲ್ಲ ಅಕ್ಕ. ನಿಮ್ಮ ಕೈ ಮೀರಿ ಎಲ್ಲೋ ಬೀಳ್ತಿದೆ, ಜ್ಞಾಪಿಸ್ಕೊಳ್ಳಿ."

"ಮುದ್ದೆ ನಂದು," ಎಂದರು ಮುನಿರತ್ನಮ್ಮ.

ದಿವ್ಯ ಪೆನ್ನು ಕೆಳಗಿಟ್ಟಳು. "ಎಸರಿಗೆ ಉಪ್ಪು ಹಾಕ್ತೀರಾ ಅಜ್ಜಿ?"

"ಮೊದಲಿಂದ ಒಂದು ಚಿಟಿಕೆ ಹಾಕ್ತಿದ್ದೆ. ಸಪ್ಪೆ ಸಾರು ಇವರಿಗೆ ಗಂಟಲಲ್ಲಿ ಇಳೀತಿರಲಿಲ್ಲ. ಒಂದಿನ ಅರ್ಧ ಮುದ್ದೆ ಬಿಟ್ಟು ಎದ್ರು. ಉಣ್ಣೋ ಗಂಡಸು ತಟ್ಟೆ ಬಿಟ್ಟು ಎದ್ದೋದ್ರೆ ನಾನು ಹೆಂಗೆ ಉಣ್ಣಲಿ? ಆವತ್ತಿಂದ ಕಲ್ಲುಪ್ಪು ಎರಡು ಚಮಚ ಹಾಕ್ತಾ ಬಂದೆ. ಸಾರಿಗೆ ಕಡಿಮೆ ಹಾಕಿ ಅಂದ್ರಿ, ಪಲ್ಯಕ್ಕೆ ಅಂದ್ರಿ. ಮುದ್ದೆಗೆ ಅಂತ ನೀವೂ ಹೇಳಲಿಲ್ಲ, ನಿಮ್ಮ ಫೋನೂ ಕೇಳಲಿಲ್ಲ."

ಅದು ನಿಜವೇ. ಆ್ಯಪು ಬ್ರೆಡ್ಡು ಕೇಳಿತ್ತು, ಸಾಸು ಕೇಳಿತ್ತು, ಮುದ್ದೆ ಕೇಳಿರಲಿಲ್ಲ. ಆದರೆ ಹೇಳುತ್ತ ಹೇಳುತ್ತ ಮುನಿರತ್ನಮ್ಮನವರಿಗೇ ಆ ನೆಪ ಸಾಲಲಿಲ್ಲ. ಗಂಡನ ಕೈಗೆ ಚುಚ್ಚಿದ್ದ ಸೂಜಿಯನ್ನು ನೋಡಿದರು, ಸೊಸೆಯನ್ನು ನೋಡಲಾಗಲಿಲ್ಲ. "ಹಾಕಿದೋಳು ನಾನು. ಬೈದಿದ್ದು ಅವಳನ್ನ," ಎಂದು ನೆಲಕ್ಕೆ ಹೇಳಿದರು.

"ನಂಗೆ ನಾಲಿಗೇಲಿ ಗೊತ್ತಾಗಿತ್ತು. ಹೇಳಿದ್ರೆ ಅದೂ ಸಪ್ಪೆ ಆಗ್ತದೆ ಅಂತ ಸುಮ್ನಿದ್ದೆ," ಎಂದ ಉಮಾಶಂಕರ.

ಭಾನುಪ್ರಿಯಾಳಿಗೆ ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಎದ್ದು ಗಂಡನ ಕಡೆ ಹೋಯಿತು. ಅತ್ತೆ ತಿಳಿಯದೆ ಮಾಡಿದ್ದರು. ಇವನು ತಿಳಿದೂ ಮುದ್ದೆ ನುಂಗಿಕೊಂಡು, ನೋಡ್ಕೊಂಡು ಹಾಕು ಎಂದಿದ್ದ. ಅವಳು ಆ ದಿನವೂ ಮಾರನೆಯ ದಿನವೂ ಅವನೊಡನೆ ಮಾತಾಡಲಿಲ್ಲ, ಅದು ಅವನಿಗೆ ತಕ್ಕದ್ದೇ ಆಗಿತ್ತು.

ಮನೆಗೆ ಬಂದ ಮೇಲೆ ಆ ಮನೆಯ ಒಲೆ ಎರಡು ಪಾತ್ರೆ ಕಂಡಿತು. ಉಪ್ಪಿಲ್ಲದ ಎಸರಿಗೆ ಹಿಟ್ಟು ಹಾಕಿ, ಮುನಿರತ್ನಮ್ಮ ಗಂಡನಿಗೆ ಬೇರೆ ಮುದ್ದೆ ಕಟ್ಟಿದರು. ಪಾಲು ಎಂದು ಯಾರೂ ಅನ್ನಲಿಲ್ಲ. ಭಾನುಪ್ರಿಯಾ ಬೆಳ್ಳುಳ್ಳಿ, ಹುಣಸೆ, ಹುರಿದ ಹುಚ್ಚೆಳ್ಳು ಜಾಸ್ತಿ ಹಾಕಿ ಏನೇನೋ ಸಾರು ಮಾಡಿ ನೋಡಿದಳು. ಕೆಲವು ಇಳಿದವು, ಕೆಲವು ಇಳಿಯಲಿಲ್ಲ. ಅತ್ತೆ ಸೊಸೆಯ ಕ್ಷಮೆ ಕೇಳಲಿಲ್ಲ. ಆ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅದರ ಬದಲು ಸಂಜೆ ಹೊತ್ತು ರವಿಕೆಗೆ ಹುಕ್ಕು ಹಾಕಿಕೊಡಲು ಕೂತರು. ಹಾಕಿದ ಹುಕ್ಕುಗಳಲ್ಲಿ ಅರ್ಧವನ್ನು ಭಾನುಪ್ರಿಯಾ ಬಿಚ್ಚಿ ಮತ್ತೆ ಹಾಕಬೇಕಾಗುತ್ತಿತ್ತು.

ತಿಂಗಳು ಕಳೆಯಿತು. ಒಂದು ಭಾನುವಾರ ಆದಿನಾರಾಯಣಪ್ಪನವರ ತಂಗಿ ಗಂಗಲಕ್ಷ್ಮಮ್ಮ ಸಮೇತನಹಳ್ಳಿಯಿಂದ ಬಂದು, ಅಣ್ಣ ಬಡವಾಗಿದ್ದಾನೆ ಎಂದು ಕಣ್ಣೀರು ಹಾಕಿ, ಒಂದು ಡಬ್ಬಿ ನಿಪ್ಪಟ್ಟು ಇಟ್ಟು ಹೋದಳು. ಮನೆಯವರು ಅವಳನ್ನು ಬಸ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ಡಬ್ಬಿಯಲ್ಲಿ ಐದು ಕಡಿಮೆಯಾಗಿದ್ದವು. ಸೋಮವಾರವೂ ಎರಡು.

ಮಂಗಳವಾರ ಬೆಳಿಗ್ಗೆ ಅವರು ಯಂತ್ರ ಹತ್ತಿದರು. ಭಾನುಪ್ರಿಯಾ ಒಲೆಯ ಮುಂದೆ ಫೋನು ಹಿಡಿದು ಕಾದಳು. ಹಿಂದೆ ನಿಂತು ನೋಡುವುದನ್ನು ಅವಳು ಬಿಟ್ಟಿದ್ದಳು. ನಡುಮನೆಯಿಂದ ಸದ್ದಿಲ್ಲ.

"ಎಷ್ಟು ಮಾವ?"

ಸದ್ದಿಲ್ಲ. ಮುನಿರತ್ನಮ್ಮ ಹಾಲಿನ ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಗಂಡ ಕಾಲ ಕೆಳಗೆ ನೋಡುತ್ತ ನಿಂತಿದ್ದರು, ತುಟಿ ಅಲ್ಲಾಡುತ್ತಿತ್ತು. ಯಾವ ಅಂಕಿಯನ್ನು ಹುಡುಕುತ್ತಿದ್ದಾರೆ ಎಂದು ಮುನಿರತ್ನಮ್ಮನವರಿಗೆ ಗೊತ್ತಾಯಿತು.

"ಏನೈತೋ ಅದು ಹೇಳಿ. ಅವಳನ್ನ ಏನೂ ಅನ್ನಲ್ಲ," ಎಂದರು.

"ನಿಪ್ಪಟ್ಟು ತಿಂದಿದ್ದೆ ಕಣೆ."

"ತಿಂದಿದ್ದು ಗೊತ್ತು. ನಾಚಿಕೆ ಆಗಲ್ವ ನಿಮಗೆ? ಅರವತ್ತೇಳು ವರ್ಷಕ್ಕೆ ಕದ್ದು ತಿನ್ನೋ ಚಪಲ. ಮೊನ್ನೆ ಮೊನ್ನೆ ಮೂಗಿಗೆ ಪೈಪು ಹಾಕಿಸ್ಕೊಂಡು ಮಲಗಿದ್ರಿ, ಹೊರಗಡೆ ಕೂತು ನಾವು ಸತ್ತು ಹೋಗಿದ್ವಿ..." ಮುನಿರತ್ನಮ್ಮ ಒಂದು ತಿಂಗಳಿಂದ ಯಾರನ್ನೂ ಬಯ್ಯದೆ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಬಿಚ್ಚಿದರು. ಧ್ವನಿ ದ್ಯಾವಮ್ಮನ ಮನೆಯವರೆಗೂ ಹೋಯಿತು. ಕೊನೆಕೊನೆಗೆ ಅಳುವೂ ಸೇರಿತು.

ಆದಿನಾರಾಯಣಪ್ಪ ತಲೆ ಬಗ್ಗಿಸಿ, ಯಂತ್ರದಿಂದ ಇಳಿಯದೆ, ಪೂರ್ತಿ ಬೈಸಿಕೊಂಡರು. ಆಮೇಲೆ ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಬರ್ಕೊಳವ್ವ ಭಾನು. ಅರವತ್ತನಾಲ್ಕು ಆರುನೂರು."